ಅರ್ಧ ಬಟ್ಟಲಿನ ಲೆಕ್ಕ

ತೂಕ ಇಳಿಸೋ ಆಪರೇಷನ್ ಅಂದ ಕೂಡಲೇ ಜನ ಕೇಳೋದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯ್ತು? ಎಷ್ಟು ಕೆಜಿ ಇಳಿದ್ರು? ಮೂರನೆಯದೊಂದು ಪ್ರಶ್ನೆ ಇದೆ, ಅದನ್ನು ಕೇಳೋರು ಕಮ್ಮಿ: ಇಳಿದ ಕೆಜಿಯಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು? ಆಪರೇಷನ್ ಥಿಯೇಟರಿನ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತೆ. ಈ ಮೂರನೇ ಪ್ರಶ್ನೆಯ ಕೆಲಸ ಮಾತ್ರ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ, ದಿನಕ್ಕೆ ಆರು ಸಲ ನಡೆಯುತ್ತೆ.

ಹಿಂದಿನ ಅಂಕಣವೊಂದರಲ್ಲಿ ನಮ್ಮಮ್ಮನ ಆಪರೇಷನ್ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಹಲವರು ಕೇಳಿದ್ರು, ‘ಅವರು ಏನು ತಿಂತಾರೆ? ಮೊಟ್ಟೆ ಕೂಡ ತಿನ್ನದವರು ಏನು ಮಾಡಬೇಕು?’ ಅಂತ. ಅಮ್ಮನ ಒಪ್ಪಿಗೆ ತಗೊಂಡೇ ಈ ಸಲ ಅದನ್ನು ಬರೀತಿದೀನಿ. ‘ನನ್ನ ತೂಕ ಹಾಕ್ತೀಯಾ?’ ಅಂದ್ರು. ಹಾಕ್ತೀನಿ ಅಂದೆ. ‘ಹಾಕು, ಈಗ ಇಳಿದಿದೆಯಲ್ಲ’ ಅಂದ್ರು.

ವಯಸ್ಸು 56, ಎತ್ತರ 158 ಸೆಂಟಿಮೀಟರ್, ಹತ್ತು ತಿಂಗಳ ಹಿಂದೆ ತೂಕ 112 ಕೆಜಿ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಎರಡೂ ಮಂಡಿ ನೋವು. ಮಂಡಿ ಡಾಕ್ಟರು ‘ಮೊದಲು ತೂಕ ಇಳೀಲಿ, ಆಮೇಲೆ ನೋಡೋಣ’ ಅಂತ ಎರಡು ವರ್ಷದಿಂದ ಹೇಳ್ತಾ ಇದ್ರು. ಕೊನೆಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅನ್ನುವ ಬೇರಿಯಾಟ್ರಿಕ್ ಸರ್ಜರಿ ಆಯ್ತು. ಇದರಲ್ಲಿ ಹೊಟ್ಟೆಯ, ಅಂದರೆ ಜಠರದ, ಸುಮಾರು ಶೇ 75ರಿಂದ 80 ಭಾಗ ತೆಗೆದುಬಿಡ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಕತ್ತರಿಸಿ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೂ ಅಷ್ಟಾಗಿ ಆಗಲ್ಲ. ಜಾಗ ಇಲ್ಲ, ಹಸಿವೂ ಇಲ್ಲ. ಆದರೆ ದೇಹದ ಬೇಡಿಕೆ ಹಾಗೇ ಇದೆ.

ದೇಹಕ್ಕೆ ಕೊಬ್ಬನ್ನು ಕೂಡಿಡೋಕೆ ಉಗ್ರಾಣ ಇದೆ. ಪ್ರೊಟೀನಿಗೆ ಹಾಗೊಂದು ಉಗ್ರಾಣ ಇಲ್ಲ. ದಿನಾ ಬರಬೇಕಾದ್ದು ಬರದೇ ಹೋದ್ರೆ ಅದು ಮಾಂಸಖಂಡವನ್ನೇ ಒಡೆದು ಬಳಸಿಕೊಳ್ಳುತ್ತೆ. ಊಟ ಅರ್ಧಕ್ಕಿಂತ ಕಮ್ಮಿ ಆದಾಗ ತಕ್ಕಡಿ ಮುಳ್ಳು ಹೇಗೂ ಇಳಿಯುತ್ತೆ. ಇಳಿದದ್ದು ಸೊಂಟದ ಕೊಬ್ಬೋ, ತೊಡೆಯ ಬಲವೋ ಅಂತ ಮುಳ್ಳಿಗೆ ಗೊತ್ತಾಗಲ್ಲ. ಮಂಡಿ ನೋವಿರೋ 56 ವರ್ಷದ ಹೆಂಗಸಿನ ತೊಡೆಯ ಬಲ ಹೋದ್ರೆ, ಇಷ್ಟೆಲ್ಲ ಮಾಡಿಸಿದ್ದು ಯಾಕೆ?

ಅದಕ್ಕೇ ಡಯಟಿಷಿಯನ್ ಕೊಟ್ಟ ಕಾಗದದ ಮೇಲೆ ದೊಡ್ಡದಾಗಿ ಬರೆದಿದ್ದು: ಪ್ರೊಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ. ಹೋಲಿಕೆಗೆ ಹೇಳ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಪ್ರಕಾರ 55 ಕೆಜಿ ತೂಕದ, ಹೆಚ್ಚು ಶ್ರಮದ ಕೆಲಸವಿಲ್ಲದ ಆರೋಗ್ಯವಂತ ಮಹಿಳೆಗೆ ದಿನಕ್ಕೆ ಸುಮಾರು 1660 ಕ್ಯಾಲೊರಿ, 46 ಗ್ರಾಂ ಪ್ರೊಟೀನ್ ಸಾಕು. ಅಮ್ಮನಿಗೆ ಆಗ ಸಿಕ್ತಾ ಇದ್ದ ಕ್ಯಾಲೊರಿ ಹೆಚ್ಚೆಂದರೆ 800. ಅಂದರೆ ಅರ್ಧದಷ್ಟು ಊಟದಲ್ಲಿ ಒಂದೂಕಾಲು ಪಟ್ಟು ಪ್ರೊಟೀನ್ ಹೊಂದಿಸಬೇಕು.

ನಾನು ಸಾಫ್ಟ್‌ವೇರ್ ಎಂಜಿನಿಯರು. ಗಾಬರಿ ಆದಾಗ ಎಕ್ಸೆಲ್ ಶೀಟ್ ತೆಗೆಯೋದು ನಮ್ಮ ಜಾತಿಯ ಗುಣ. 60 ಗ್ರಾಂ, 800 ಕ್ಯಾಲೊರಿ. ಭಾಗಿಸಿದ್ರೆ ಪ್ರತಿ 100 ಕ್ಯಾಲೊರಿಗೆ ಸರಾಸರಿ ಏಳೂವರೆ ಗ್ರಾಂ ಪ್ರೊಟೀನ್ ಬರಲೇಬೇಕು. ಈ ಏಳೂವರೆ ಅನ್ನೋ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇದೊಂದು ಗೊತ್ತಿದ್ರೆ ಉಳಿದ ಪಟ್ಟಿಯೆಲ್ಲ ತಾನಾಗೇ ಅರ್ಥ ಆಗುತ್ತೆ.

ಅಕ್ಕಿಯಲ್ಲಿ 100 ಕ್ಯಾಲೊರಿಗೆ ಸಿಗೋದು ಎರಡು ಗ್ರಾಂ ಚಿಲ್ಲರೆ. ನಾವು ಹಾಸನದ ಕಡೆಯವರು, ರಾಗಿಯ ಮೇಲೆ ಅಭಿಮಾನ ಜಾಸ್ತಿ. ರಾಗಿಯದ್ದೂ ಅಷ್ಟೇ, ಎರಡು ಚಿಲ್ಲರೆ. ರಾಗಿಯ ದೊಡ್ಡ ಗುಣ ಕ್ಯಾಲ್ಸಿಯಂ ಮತ್ತು ನಾರು, ಪ್ರೊಟೀನ್ ಅಲ್ಲ. ಬಾದಾಮಿ ಮೂರು, ಕಡಲೆಕಾಯಿ ನಾಲ್ಕೂವರೆ. ಅವುಗಳಲ್ಲಿ ಪ್ರೊಟೀನ್ ಧಾರಾಳವಾಗಿದೆ, ಆದರೆ ಎಣ್ಣೆಯ ಕ್ಯಾಲೊರಿ ಅದಕ್ಕಿಂತ ಧಾರಾಳ. ತೊಗರಿಬೇಳೆ, ಹೆಸರುಬೇಳೆ ಆರೂವರೆಯಿಂದ ಏಳು. ಮಾಮೂಲಿ ಪನೀರ್ ಕೂಡ ಅಲ್ಲೇ ಸುತ್ತಮುತ್ತ. ಇಡೀ ಮೊಟ್ಟೆ ಎಂಟು. ಕೆನೆ ತೆಗೆದ ಹಾಲು ಒಂಬತ್ತರ ಮೇಲೆ. ಸೋಯಾ ಚಂಕ್ಸ್ ಹದಿನೈದು. ಚರ್ಮ ತೆಗೆದ ಕೋಳಿ ಎದೆ ಮಾಂಸ ಹತ್ತೊಂಬತ್ತು. ಮೊಟ್ಟೆಯ ಬಿಳಿ ಭಾಗ ಮತ್ತು ವೇ ಪ್ರೊಟೀನ್ ಪುಡಿ ಇಪ್ಪತ್ತು.

ಈಗ ನೋಡಿ. ‘ಬೇಳೆ ತಿಂದ್ರೆ ಪ್ರೊಟೀನ್ ಬಂತು’ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ವಿ. ಅದು ಸುಳ್ಳಲ್ಲ. ಆದರೆ 800 ಕ್ಯಾಲೊರಿಯನ್ನೂ ಬರೀ ತೊಗರಿಬೇಳೆಯಲ್ಲೇ ತುಂಬಿಸಿದ್ರೂ 52 ಗ್ರಾಂ ದಾಟಲ್ಲ. ಅದಕ್ಕೆ ಕಾಲು ಕೆಜಿಯಷ್ಟು ಬೇಳೆ ಬೇಯಿಸಬೇಕು. ಬೆಂದ ಮೇಲೆ ಅದು ಒಂದು ಸಣ್ಣ ಪಾತ್ರೆ ತುಂಬುತ್ತೆ. ಅರ್ಧ ಬಟ್ಟಲು ಹಿಡಿಯೋ ಹೊಟ್ಟೆಗೆ ಅದನ್ನು ತುಂಬೋದು ಎಲ್ಲಿಗೆ? ಇನ್ನು ನಾವು ದಿನಾ ಮಾಡೋ ತಿಳಿಸಾರು. ಒಬ್ಬರ ಪಾಲಿಗೆ ಅದರಲ್ಲಿ ಬೇಳೆ ಬರೋದು ಎರಡು ಚಮಚ, ಪ್ರೊಟೀನ್ ಎರಡು ಮೂರು ಗ್ರಾಂ. ಸಾರು ಬಾಯಿಗೆ ಹಿತ, ಗಂಟಲಿಗೆ ಹಿತ. ಲೆಕ್ಕಕ್ಕೆ ಮಾತ್ರ ಅದು ನೀರು.

ಹಾಗಾಗಿ ಬೇಳೆಯ ಜೊತೆ ಏಳೂವರೆಯ ಗೆರೆಗಿಂತ ಮೇಲಿರೋದು ಏನಾದ್ರೂ ದಿನಾ ಬೇಕೇ ಬೇಕು. ಮಾಂಸ, ಮೀನು, ಮೊಟ್ಟೆ ತಿನ್ನೋ ಮನೆಗಳಿಗೆ ಇದು ಸಲೀಸು. ಎರಡು ಮೊಟ್ಟೆ, ಮುಳ್ಳು ತೆಗೆದು ಬೇಯಿಸಿದ ಒಂದು ತುಂಡು ಮೀನು ಅಂದ್ರೆ ದಿನದ ಅರ್ಧ ಲೆಕ್ಕ ಮುಗೀತು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಡಯಟಿಷಿಯನ್ ಒಂದು ಸಲ ಕೇಳಿದ್ರು, ಅಮ್ಮ ತಲೆ ಅಲ್ಲಾಡಿಸಿದ್ರು, ಅಲ್ಲಿಗೆ ಆ ಮಾತು ಮುಗೀತು. ಉಳಿದದ್ದು ನಾಲ್ಕು: ಕೆನೆ ತೆಗೆದ ಹಾಲು, ಅದರದ್ದೇ ಗಟ್ಟಿ ಮೊಸರು ಮತ್ತು ಪನೀರು, ಸೋಯಾ, ವೇ ಪುಡಿ.

ವೇ ಪುಡಿ ಡಬ್ಬ ಮನೆಗೆ ಬಂದ ದಿನ ಅಮ್ಮ ಕೇಳಿದ್ದು, ‘ಇದು ಜಿಮ್ ಹುಡುಗರ ಪುಡಿ ಅಲ್ವೇನೋ?’ ಡಬ್ಬದ ಮೇಲೆ ತೋಳು ಉಬ್ಬಿಸಿದವನ ಚಿತ್ರ ಬೇರೆ ಇತ್ತು. ಹಾಲಿನಿಂದ ಚೀಸ್ ಮಾಡುವಾಗ ಉಳಿಯೋ ನೀರನ್ನು ಸೋಸಿ, ಒಣಗಿಸಿ ಮಾಡಿದ ಪುಡಿ ಇದು ಅಂತ ವಿವರಿಸಿದೆ. ಪನೀರ್ ಮಾಡಿದಾಗ ಉಳಿಯೋ ಹಸಿರು ನೀರಿನ ನೆಂಟ. ಆ ನೀರನ್ನು ಚೆಲ್ಲದೆ ಚಪಾತಿ ಹಿಟ್ಟಿಗೆ ಹಾಕಿ ಕಲಸೋದು ಅಮ್ಮನ ಮೂವತ್ತು ವರ್ಷದ ಅಭ್ಯಾಸ. ‘ಓ, ಹಾಲಿನದ್ದಾ, ಹಾಗಾದ್ರೆ ಆಗ್ಲಿ’ ಅಂದ್ರು. ತೋಳಿನವನ ಚಿತ್ರದ ಮೇಲೆ ಒಂದು ಕಾಗದ ಅಂಟಿಸಿ ‘ಅಮ್ಮನ ಪುಡಿ’ ಅಂತ ಬರೆದೆವು.

ಪುಡಿ ಕೊಳ್ಳೋರಿಗೆ ಒಂದು ಮಾತು. ಡಬ್ಬದ ಮುಂದಿನ ಘೋಷಣೆ ಓದಬೇಡಿ, ಹಿಂದಿನ ಪಟ್ಟಿ ಓದಿ. 30 ಗ್ರಾಂ ಪುಡಿಯಲ್ಲಿ 24 ಗ್ರಾಂ ಆಸುಪಾಸು ಪ್ರೊಟೀನ್, 120 ಕ್ಯಾಲೊರಿ ಇದ್ರೆ ಅದು ನಿಜವಾದ ವೇ. ಮಕ್ಕಳಿಗೆ ಹಾಲಿಗೆ ಬೆರೆಸಿ ಕೊಡೋ ಮಾಲ್ಟ್ ಪುಡಿಗಳು ಬೇರೆ. ಅವುಗಳಲ್ಲಿ ಹೆಚ್ಚಿನವು ಹಿಟ್ಟು ಮತ್ತು ಸಕ್ಕರೆ. ತೂಕ ಹೆಚ್ಚಿಸೋ ‘ಮಾಸ್ ಗೇನರ್’ ಅನ್ನೋದಂತೂ ಹೆಸರಲ್ಲೇ ಹೇಳ್ತಿದೆ. ಕೊಲಾಜೆನ್ ಪುಡಿಯನ್ನೂ ಈ 60 ಗ್ರಾಂ ಲೆಕ್ಕಕ್ಕೆ ಸೇರಿಸಬಾರದು. ದೇಹಕ್ಕೆ ಹೊರಗಿಂದಲೇ ಬರಬೇಕಾದ ಒಂದು ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ಮತ್ತೆ, ವೇ ಪುಡಿಯನ್ನು ಕುದಿಯೋ ಹಾಲಿಗೆ ಹಾಕಬೇಡಿ, ಗಂಟು ಕಟ್ಟುತ್ತೆ. ಉಗುರುಬೆಚ್ಚಗಿನ ಹಾಲು ಸರಿ.

ಅಂಕಿ ಹೊಂದಿತು ಅಂದಮಾತ್ರಕ್ಕೆ ಊಟ ಆಗಲ್ಲ. ಮೊದಲೆರಡು ವಾರ ಬರೀ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದ್ದು ಅಂತ ಹಂತ ಹಂತವಾಗಿ ಬಂದು, ಆರನೇ ವಾರಕ್ಕೆ ಸೋಯಾ ಬೇಯಿಸಿ ಕೊಟ್ಟೆ. ಎರಡು ಚಮಚ ತಿಂದು ಅಮ್ಮ ತಟ್ಟೆ ಪಕ್ಕಕ್ಕಿಟ್ರು. ಕಣ್ಣಲ್ಲಿ ನೀರು. ‘ಇದು ಊಟ ಅಲ್ಲ ಕಣೋ. ಔಷಧಿ’ ಅಂದ್ರು. ಮನೆಗೆ ಬಂದ ಕೊರಿಯರ್ ಹುಡುಗನಿಗೂ ಮಜ್ಜಿಗೆ ಕೊಡದೆ ಕಳಿಸದ ಹೆಂಗಸು. ಮೂವತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಅನ್ನ ಸಾರು ಕಲಸಿಕೊಂಡು ಕೂರೋದೇ ಆಕೆಯ ವಿಶ್ರಾಂತಿ. ಆ ವಿಶ್ರಾಂತಿ ಹೋಗಿ ಅದರ ಜಾಗದಲ್ಲಿ ಗ್ರಾಂ ಲೆಕ್ಕ ಬಂದು ಕೂತಿತ್ತು. ನನ್ನ ಶೀಟಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಅದೇ ಹೊತ್ತಿಗೆ ಅಪ್ಪನದ್ದು ಬೇರೆ ಕಥೆ. ಹೆಂಡತಿ ಹಸಿದಿದ್ದಾಳೆ ಅನ್ನೋದು ಅವರ ದೃಢ ನಂಬಿಕೆ. ಸಂಜೆ ವಾಕಿಂಗಿಂದ ಬರುವಾಗ ಬಿಸ್ಕತ್ತು ಪೊಟ್ಟಣ. ‘ಚಹಾದಲ್ಲಿ ಅದ್ದಿಕೊಂಡ್ರೆ ಸಲೀಸಾಗಿ ಇಳಿಯುತ್ತೆ, ಪಾಪ.’ ಸಲೀಸಾಗಿ ಇಳಿಯೋದೇ ಅಲ್ಲಿರೋ ತೊಂದರೆ. ಪನೀರು, ಸೋಯಾ, ಗಟ್ಟಿ ಬೇಳೆ ಇವೆಲ್ಲ ಆ ಸಣ್ಣ ಹೊಟ್ಟೆಯಲ್ಲಿ ನಿಲ್ಲುತ್ತವೆ, ಎದೆಯ ಹತ್ತಿರ ತುಂಬಿದ ಹಾಗೆ ಅನ್ನಿಸುತ್ತೆ. ನೆನೆದ ಬಿಸ್ಕತ್ತು, ಬ್ರೆಡ್ಡು, ಐಸ್‌ಕ್ರೀಮು ಜಾರಿ ಹೋಗುತ್ತವೆ. ನಾಲ್ಕು ಬಿಸ್ಕತ್ತಿನಲ್ಲಿ ನೂರಕ್ಕೂ ಹೆಚ್ಚು ಕ್ಯಾಲೊರಿ ಬಂತು, ಪ್ರೊಟೀನ್ ಎರಡು ಗ್ರಾಂ. ಹೊಟ್ಟೆ ಎಷ್ಟೇ ಚಿಕ್ಕದಿದ್ರೂ ಜಾರುವ ತಿಂಡಿಗೆ ಅದು ಅಡ್ಡ ಬರಲ್ಲ. ಆಪರೇಷನ್ ಆದ ಮೇಲೂ ಕೆಲವರ ತೂಕ ವಾಪಸ್ ಬರೋಕೆ ಇದೂ ಒಂದು ದಾರಿ. ಅಪ್ಪನಿಗೆ ಇದನ್ನು ವಿವರಿಸಿ, ಬಿಸ್ಕತ್ತಿನ ಬದಲು ದಿನಾ ಹಾಲು ತಂದು ಪನೀರ್ ಒಡೆಯೋ ಕೆಲಸ ವಹಿಸಿದ್ವಿ. ಪ್ರೀತಿ ತೋರಿಸೋಕೆ ಅವರಿಗೊಂದು ಕೆಲಸ ಬೇಕಿತ್ತು, ಅಷ್ಟೆ. ಈಗ ಕೆನೆ ತೆಗೆದ ಒಂದು ಲೀಟರ್ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೊಟೀನ್ ಇದೆ ಅಂತ ಪಕ್ಕದ ಮನೆಯವರಿಗೂ ಪಾಠ ಹೇಳ್ತಾರೆ.

ಎರಡನೇ ತಿಂಗಳ ಕೊನೆಗೆ ನಿಲ್ಲೋ ಶಕ್ತಿ ಬಂತು ನೋಡಿ, ಅಮ್ಮ ನನ್ನನ್ನು ಒಲೆಯ ಮುಂದಿಂದ ಎಬ್ಬಿಸಿದ್ರು. ಅಂಕಿ ನಂದು, ಒಗ್ಗರಣೆ ಅವರದ್ದು ಅಂತ ಒಪ್ಪಂದ ಆಯ್ತು. ಸಿಹಿ ಹಾಕದ, ಯಾವ ಪರಿಮಳವೂ ಇಲ್ಲದ ವೇ ಪುಡಿಯನ್ನು ಅವರು ತೆಳು ಮಜ್ಜಿಗೆಗೆ ಕಡೆದು, ಇಂಗು, ಜೀರಿಗೆ, ಕರಿಬೇವು ಬಿದ್ದ ಮೇಲೆ ಅದು ಮಸಾಲೆ ಮಜ್ಜಿಗೆಯೇ. ಸೋಯಾವನ್ನು ಉಪ್ಪು ನೀರಲ್ಲಿ ಕುದಿಸಿ, ಹಿಂಡಿ, ಆ ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು ಹಿಂಡಿದ್ರು. ಅರ್ಧ ವಾಸನೆ ಅಲ್ಲೇ ಹೋಯ್ತು. ಅದನ್ನು ಪುಡಿ ಪುಡಿ ಮಾಡಿ, ಸಾರಿನ ಪುಡಿ, ಹುಳಿ, ಚೂರು ಕಾಯಿತುರಿ ಹಾಕಿ ಪಲ್ಯ ಮಾಡಿದಾಗ ಅಪ್ಪ ಎರಡನೇ ಸಲ ಹಾಕಿಸಿಕೊಂಡ್ರು. ಅದೇನಂತ ಆಮೇಲೇ ಹೇಳಿದ್ದು.

ಮೂರನೇ ತಿಂಗಳಿನ ಅಮ್ಮನ ಒಂದು ದಿನ ಹೀಗಿತ್ತು. ಅಂಕಿಗಳೆಲ್ಲ ಅಂದಾಜು.

ಬೆಳಿಗ್ಗೆ 7: ಕೆನೆ ತೆಗೆದ ಹಾಲು 200 ಮಿಲಿ, ಅರ್ಧ ಅಳತೆ ವೇ ಪುಡಿ. ಗುಟುಕು ಗುಟುಕಾಗಿ ಅರ್ಧ ಗಂಟೆ. 19 ಗ್ರಾಂ.

9: ಹೆಸರುಬೇಳೆ ರುಬ್ಬಿ ಹುಯ್ದ ಮೆತ್ತನೆ ದೋಸೆ, ಅರ್ಧ. 5 ಗ್ರಾಂ.

11: ಉಳಿದರ್ಧ ವೇ ಪುಡಿ ಕಡೆದ ಮಸಾಲೆ ಮಜ್ಜಿಗೆ. 14 ಗ್ರಾಂ.

ಮಧ್ಯಾಹ್ನ 1.30: ಸೋಯಾ ಪಲ್ಯ (ಒಣ ತೂಕ 20 ಗ್ರಾಂ), ಮೂರು ಚಮಚ ಗಟ್ಟಿ ತೊವ್ವೆ, ಕೊನೆಗೆ ಜಾಗ ಇದ್ರೆ ಎರಡು ಚಮಚ ಅನ್ನ. 14 ಗ್ರಾಂ.

4.30: ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು, 100 ಗ್ರಾಂ. 7 ಗ್ರಾಂ.

ರಾತ್ರಿ 7.30: ಅಪ್ಪನ ಪನೀರು 40 ಗ್ರಾಂ, ಬೇಯಿಸಿ ಮೆದುಮಾಡಿದ ಕುಂಬಳ ಅಥವಾ ಸೀಮೆಬದನೆ. 8 ಗ್ರಾಂ.

ಒಟ್ಟು 67 ಗ್ರಾಂ, ಕ್ಯಾಲೊರಿ ಸುಮಾರು 650. ತಟ್ಟೆಯಲ್ಲಿ ಕ್ರಮ ಒಂದೇ: ಮೊದಲು ಪ್ರೊಟೀನು, ಆಮೇಲೆ ತರಕಾರಿ, ಕೊನೆಗೆ ಅನ್ನ ಅಥವಾ ಮುದ್ದೆ. ಹೊಟ್ಟೆ ಯಾವಾಗ ಬೇಕಾದ್ರೂ ‘ಸಾಕು’ ಅನ್ನಬಹುದು, ಹಾಗಾಗಿ ಮುಖ್ಯವಾದದ್ದು ಮೊದಲೇ ಒಳಗೆ ಹೋಗಿರಬೇಕು. ನೀರು ಊಟದ ಜೊತೆ ಇಲ್ಲ. ಊಟ ಆಗಿ ಅರ್ಧ ಗಂಟೆ ಬಿಟ್ಟು, ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರ್. ಒಂದೊಂದು ತುತ್ತಿಗೂ ಅವಸರ ಕೂಡದು, ಇಪ್ಪತ್ತು ಮೂವತ್ತು ನಿಮಿಷ ಹಿಡಿದ್ರೂ ಸರಿ.

ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು. ಅಮ್ಮ ಅದನ್ನು ಉಂಡೆ ಮಾಡಿ ನನ್ನ ಲ್ಯಾಪ್‌ಟಾಪ್ ಪಕ್ಕ ಇಟ್ಟು ಹೋದ್ರು, ಮಾತಿಲ್ಲ. ಡಾಕ್ಟರ ಹತ್ತಿರ ಓಡಿದ್ವಿ. ರಕ್ತದಲ್ಲಿ ಆಲ್ಬುಮಿನ್, ಕಬ್ಬಿಣ, ಬಿ 12 ಎಲ್ಲ ನೋಡಿದ್ರು, ಸರಿಯಾಗೇ ಇತ್ತು. ತೂಕ ಬೇಗ ಇಳಿದಾಗ ಮೂರರಿಂದ ಆರು ತಿಂಗಳ ನಡುವೆ ಕೂದಲು ಹೀಗೆ ಉದುರೋದು ಸಾಮಾನ್ಯ, ಪೋಷಣೆ ಸರಿಯಿದ್ರೆ ಮತ್ತೆ ಬರುತ್ತೆ ಅಂದ್ರು. ಎಂಟನೇ ತಿಂಗಳಿಗೆ ಹಣೆಯ ಹತ್ತಿರ ಚಿಕ್ಕ ಚಿಕ್ಕ ಕೂದಲು ನಿಂತವು. ಪ್ರೊಟೀನ್ ಕಮ್ಮಿ ಆಗಿದ್ರೂ ಕೂದಲು ಉದುರುತ್ತೆ, ಹಾಗಾಗಿ ಊಹೆ ಮಾಡೋ ಬದಲು ರಕ್ತ ಪರೀಕ್ಷೆ ಮಾಡಿಸೋದೇ ಒಳ್ಳೇದು.

ಕಾಲು ಊದಿಕೊಳ್ಳೋದು, ವಿಪರೀತ ನಿಶ್ಶಕ್ತಿ ಕೂಡ ಪ್ರೊಟೀನ್ ಕೊರತೆಯ ಲಕ್ಷಣ ಇರಬಹುದು. ವಾಂತಿ ನಿಲ್ಲದೇ ಇದ್ರೆ ಮನೆಮದ್ದು ಅಂತ ಕೂರಬೇಡಿ. ಬಿ 1 ವಿಟಮಿನ್ ಬೇಗ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳಬಹುದು, ಅವತ್ತೇ ಡಾಕ್ಟರಿಗೆ ತಿಳಿಸಿ. ಬಿ 12, ಕಬ್ಬಿಣ, ಕ್ಯಾಲ್ಸಿಯಂ, ಡಿ ಮಾತ್ರೆಗಳನ್ನು ಬಿಡಬಾರದು; ಊಟದಿಂದ ಮಾತ್ರ ಅವು ಪೂರ್ತಿ ಬರಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಪ್ರೊಟೀನಿನ ಅಳತೆಯೇ ಬೇರೆ. ನಮ್ಮ ಪಟ್ಟಿ ನಮ್ಮಮ್ಮನದ್ದು, ನಿಮ್ಮದನ್ನು ನಿಮ್ಮ ಡಾಕ್ಟರು, ಡಯಟಿಷಿಯನ್ ಬರೀಬೇಕು.

ಪ್ರೊಟೀನ್ ತಿಂದು ಸುಮ್ಮನೆ ಕೂತರೂ ಮಾಂಸಖಂಡ ಉಳಿಯಲ್ಲ. ಅದಕ್ಕೆ ಕೆಲಸ ಕೊಡಬೇಕು. ಫಿಸಿಯೋಥೆರಪಿಸ್ಟ್ ಹೇಳಿದಂತೆ ಅಮ್ಮ ದಿನಕ್ಕೆ ಎರಡು ಸಲ ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡ್ತಾರೆ. ಮೊದಲ ವಾರ ಮೂರು ಸಲಕ್ಕೆ ಸುಸ್ತು. ಈಗ ಟಿವಿ ಧಾರಾವಾಹಿಯ ಜಾಹೀರಾತು ಮುಗಿಯೋದರೊಳಗೆ ಹದಿನೈದು. ತೂಕ 81 ಕೆಜಿ. ಸಕ್ಕರೆ ಮಾತ್ರೆಗಳಲ್ಲಿ ಎರಡನ್ನು ಡಾಕ್ಟರೇ ನಿಲ್ಲಿಸಿದ್ದಾರೆ.

ಕಳೆದ ತಿಂಗಳು ನೆಂಟರ ಮನೆ ಗೃಹಪ್ರವೇಶ. ಆಪರೇಷನ್ ಆದ ಮೇಲೆ ಅಮ್ಮ ಬಾಳೆಎಲೆಯ ಮುಂದೆ ಕೂತಿದ್ದು ಅದೇ ಮೊದಲು. ನಾನು ಪಕ್ಕದಲ್ಲೇ ಕೂತು ಕಾವಲು ಕಾಯ್ತಾ ಇದ್ದೆ. ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂತು. ಅಮ್ಮ ಹೆಸರುಬೇಳೆ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡು, ನುರಿಸಿ ನುರಿಸಿ ತಿಂದ್ರು. ‘ಅನ್ನಕ್ಕಿಂತ ಮುಂಚೆ ಕೋಸಂಬರಿ ಬಡಿಸೋದು ನಮ್ಮ ಪದ್ಧತೀನೇ ಕಣೋ, ನಿನ್ನ ಡಯಟಿಷಿಯನ್ ಹೊಸದೇನೂ ಹೇಳಿಲ್ಲ’ ಅಂದ್ರು. ಆಮೇಲೆ ಹೋಳಿಗೆ ಬಂತು. ತುದಿ ಮುರಿದು ಒಂದು ಚೂರು ಬಾಯಿಗಿಟ್ಟು, ಉಳಿದದ್ದನ್ನು ನನ್ನ ಎಲೆಗೆ ದಾಟಿಸಿದ್ರು.

ಬಡಿಸುತ್ತಿದ್ದ ಅತ್ತೆಯೊಬ್ಬರು ನಿಂತೇಬಿಟ್ರು. ‘ಇಷ್ಟೇನಾ? ಏನೂ ತಿನ್ನಲೇ ಇಲ್ಲ, ಮುಖ ಬಾಡಿ ಹೋಗಿದೆ, ಇನ್ನೊಂದ್ಸ್ವಲ್ಪ ಹಾಕಿಸಿಕೊಳ್ಳಿ.’ ಅವರದ್ದು ಪ್ರೀತಿಯೇ. ಆದರೆ ಹತ್ತು ತಿಂಗಳಿಂದ ಈ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಅಮ್ಮ ದಣಿದಿದ್ದಾರೆ. ನಿಮ್ಮ ಮನೆಗೆ, ನಿಮ್ಮ ಪಂಕ್ತಿಗೆ ಇಂಥವರು ಬಂದ್ರೆ ದಯವಿಟ್ಟು ‘ಇಷ್ಟೇನಾ’ ಅನ್ನಬೇಡಿ. ‘ಕೋಸಂಬರಿ ಇನ್ನೊಂದು ಚಮಚ ಹಾಕಲಾ?’ ಅಂತ ಕೇಳಿ. ಬೇಡ ಅಂದ್ರೆ ಮುಂದಿನ ಎಲೆಗೆ ಹೋಗಿ. ಅವರ ಅರ್ಧ ಬಟ್ಟಲಿನ ಹಿಂದೆ ಇಡೀ ಮನೆಯ ಲೆಕ್ಕಾಚಾರ ಇರುತ್ತೆ.